ಐದು ವಾಟಿನ ಕೂಸು

ಕುಲಾಸ್ ಎಂಬ ಅರವತ್ತು ದಾಟಿದ ಮನುಷ್ಯ ಮಗಳ ಮನೆಯಲ್ಲಿ ಇರುವುದಕ್ಕೆಂದು ಕೆನಡಾಕ್ಕೆ ಹೋದ. ಅವನು ಹೋದದ್ದರಿಂದ ಕೆನಡಾಕ್ಕೆ ಏನೂ ಆಗಲಿಲ್ಲ. ಆದದ್ದೆಲ್ಲ ಇಲ್ಲಿ ಮರಿಕಿನಾ ಎಂಬ ಊರಿನಲ್ಲಿ, ಬೂಟಿನ ಕಾರ್ಖಾನೆಯೊಂದರಲ್ಲಿ ತೊಗಲು ಕತ್ತರಿಸುವ ಎಲ್ಪಿಡಿಯೊ ಬಾರ್ಸೆಲೊನಿಗೆ.

ಕುಲಾಸ್ ರಿವರ್‌ಸೈಡ್ ಕಾಂಬೊ ಎಂಬ ವಾದ್ಯಗೋಷ್ಠಿಯ ಮುಖ್ಯ ಗಿಟಾರು. ಎಲ್ಪಿಡಿಯೊ, ಗಲ್ಲಿಯವರೆಲ್ಲ ಕರೆಯುವಂತೆ ಪಿಡಿಯೊಂಗ್, ಅದೇ ಗೋಷ್ಠಿಯ ಎರಡನೆಯ ಗಿಟಾರು. ಎರಡನೆಯ ಗಿಟಾರು ಎಂದರೆ ಮದುವೆಯ ಫೋಟೊದಲ್ಲಿ ಮದುಮಗನ ಭುಜದ ಹಿಂದೆ ಅರ್ಧ ಮುಖ ಕಾಣಿಸುವ ಚಿಕ್ಕಪ್ಪನ ಹಾಗೆ. ಇದ್ದರೆ ಯಾರೂ ಹೆಸರು ಕೇಳುವುದಿಲ್ಲ. ಒಸಾಕಾದ ಹೋಟೆಲಿನಲ್ಲಿ ಒಂಬತ್ತು ವರ್ಷ, ಆಮೇಲೆ ಊರಿನ ಮದುವೆ, ಹುಟ್ಟುಹಬ್ಬಗಳಲ್ಲಿ ಅದಕ್ಕೂ ಹೆಚ್ಚು ಕಾಲ, ಪಿಡಿಯೊಂಗ್ ಕುಲಾಸ್‌ನ ಬೆನ್ನು ನೋಡುತ್ತಲೇ ನುಡಿಸಿದ್ದ. ಕುಲಾಸ್ ನುಡಿಸಿದ್ದೆಲ್ಲ ಅವನಿಗೆ ಬಾಯಿಪಾಠ. ಕುಲಾಸ್ ತಪ್ಪಿದ್ದೂ ಬಾಯಿಪಾಠ.

ಗೋಷ್ಠಿಯ ಯಜಮಾನ ಮಾನಿಂಗ್, ಡ್ರಮ್ಸ್ ಬಾರಿಸುವವನು, ಬುಧವಾರ ಫೋನು ಮಾಡಿದ. ಇಲ್ಲಿ ಗೆಳೆಯ ಗೆಳೆಯನನ್ನು ಕರೆಯುವುದು ಪಾರೆ ಎಂದು.

"ಪಾರೆ, ಬೆಟ್ಟದ ಮೇಲೆ ಆಂತಿಪೊಲೊದಲ್ಲಿ ಒಂದು ರೆಸ್ಟೊರೆಂಟ್ ಒಪ್ಕೊಂಡಿದೆ. ಪ್ರತಿ ಶುಕ್ರವಾರ. ಜಾಗ ಚಿಕ್ಕದು, ಮಾಲೀಕಂಗೆ ಗದ್ದಲ ಆಗಲ್ಲ. ಹಳೇ ಕಾಲದ ವಾಲ್ವ್ ಆಂಪಿನ ಸದ್ದು ಬೇಕಂತೆ, ಬೆಚ್ಚಗೆ ಇರಬೇಕಂತೆ. ನಿನ್ನ ಹತ್ರ ಇದೆಯಾ?"

"ಮನೇಲಿ ಅಭ್ಯಾಸಕ್ಕೆ ಅಂತ ಒಂದು ಸಣ್ಣದು ತಗೊಳ್ಳೋಣ ಅಂತ ನೋಡ್ತಾನೇ ಇದೀನಿ."

"ಎಷ್ಟು ದಿನ ನೋಡ್ತೀಯ? ತಗೋ. ಶನಿವಾರ ಸಂಜೆ ಬಂದು ಕೇಳ್ತೀನಿ. ಸರಿ ಇದ್ರೆ ಬರೋ ಶುಕ್ರವಾರಾನೇ ಶುರು."

ಫೋನು ಇಟ್ಟ ಮೇಲೆ ಪಿಡಿಯೊಂಗ್ ಸ್ವಲ್ಪ ಹೊತ್ತು ಗೋಡೆ ನೋಡುತ್ತ ಕುಳಿತ. ಗೋಡೆಯ ಮೇಲೆ ಕುಲಾಸ್‌ನ ಬೆನ್ನು ಇರಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ, ಕೊನೆಗೂ, ಮುಂದಿನ ಕುರ್ಚಿ.

"ಕುರ್ಚಿ ನಿಂಗೇ ಅಂತ ಹೇಳಿದ್ನಾ?" ಎಂದು ಹೆಂಡತಿ ಲೂಮಿಂಗ್ ಮೀನು ಸೋಸುತ್ತ ಕೇಳಿದಳು.

"ಹೇಳ್ಬೇಕಾ? ಕುಲಾಸ್ ಹೋದ. ಉಳಿದಿರೋನು ನಾನೊಬ್ಬನೇ."

"ಬಸ್ಸಲ್ಲಿ ಎದ್ದವನ ಸೀಟು ಪಕ್ಕದಲ್ಲಿ ನಿಂತವನಿಗೇ ಸಿಗುತ್ತೆ ಅಂತ ಎಲ್ಲಿ ಬರೆದಿದೆ?" ಎಂದು ಅವಳು ಮೀನಿನ ತಲೆ ಕತ್ತರಿಸಿದಳು.

ಮನೆಯಲ್ಲಿ ಆಂಪ್ಲಿಫಯರ್ ಇರಲಿಲ್ಲ ಎಂದಲ್ಲ. ಅರವತ್ತು ವಾಟಿನ ಟ್ರಾನ್ಸಿಸ್ಟರ್ ಆಂಪ್ ಒಂದು ಇತ್ತು, ಅದರ ಮೇಲೆ ಟಿವಿ ಕೂತಿತ್ತು. ಅದರ ಸದ್ದು ತಗಡಿನ ಮೇಲೆ ಗೋಲಿ ಸುರಿದ ಹಾಗೆ. ಹಳೆಯ ರೇಡಿಯೊದೊಳಗಿನ ಗಾಜಿನ ಬುರುಡೆಯಂಥ ವಾಲ್ವಿನದು ಬೇರೆ. ಆದರೆ ವಾಲ್ವಿಗೆ ಒಂದು ಗುಣವಿದೆ. ಅದನ್ನು ದುಡಿಸಿದರೆ ಮಾತ್ರ ಹಾಡುತ್ತದೆ. ದೊಡ್ಡ ಆಂಪನ್ನು ಮನೆಯಲ್ಲಿ ಮೆಲ್ಲಗೆ ಇಟ್ಟು ನುಡಿಸಿದರೆ ಸದ್ದು ಸಪ್ಪೆ, ಜೋರು ಮಾಡಿದರೆ ಪೊಲೀಸರು. ಹಾಗಾಗಿ ಪ್ಲೈವುಡ್ಡಿನ ಗೋಡೆಗಳ ನಡುವೆ ಬದುಕುವವನಿಗೆ ಬೇಕಾದದ್ದು ಸಣ್ಣದು, ಬೇಗ ದಣಿಯುವಂಥದ್ದು. ಪಿಡಿಯೊಂಗ್ ಇದನ್ನೆಲ್ಲ ಎರಡು ತಿಂಗಳಿಂದ ಓದಿದ್ದ. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಹೇಳಿಯೂ ಇದ್ದ. ಅಲ್ಲಿ ಪ್ರತಿಯೊಬ್ಬನೂ ಒಂದೊಂದು ಸಲಹೆ ಕೊಟ್ಟಿದ್ದ. ಅವರಲ್ಲಿ ಒಬ್ಬನಿಗೂ ಗಿಟಾರು ಬರುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಟಿವಿಯನ್ನು ನೆಲಕ್ಕಿಳಿಸಿ, ಹಳೆಯ ಆಂಪನ್ನು ಟ್ರೈಸಿಕಲ್ಲಿನಲ್ಲಿ ಹಾಕಿಕೊಂಡು ಜಪಾನಿ ಹಳೆಸಾಮಾನಿನ ಅಂಗಡಿಗೆ ಹೋದ. ಅಲ್ಲಿ ಜಪಾನಿನವರು ಬೇಡವೆಂದದ್ದೆಲ್ಲ ಇತ್ತು. ಬಟ್ಟಲು, ಗಾಲ್ಫ್ ಕೋಲು, ಕೂಸಿನ ಗಾಡಿ, ಯಾರೋ ಸತ್ತವರ ಪೂಜೆಯ ಕಪಾಟು. ಅದರಲ್ಲೀಗ ಅಂಗಡಿಯವ ಗೋದೊ ಬೀಗದ ಕೈಗಳನ್ನು ಇಟ್ಟುಕೊಂಡಿದ್ದ.

"ಸರ್, ಇದು ನೋಡಿ," ಎಂದು ಗೋದೊ ಇಪ್ಪತ್ತು ವಾಟಿನದೊಂದನ್ನು ತಟ್ಟಿದ. "ಇದಕ್ಕೂ ಮೂಲೇಲಿರೋ ಆ ಐದು ವಾಟಿನ ಚೋಟುದ್ದದ್ದಕ್ಕೂ ಒಂದೇ ರೇಟು. ಅದೇ ದುಡ್ಡಿಗೆ ನಾಲ್ಕು ಪಟ್ಟು. ಇದನ್ನ ಬಿಟ್ಟು ಅದನ್ನ ತಗೊಂಡ್ರೆ ನಾನೇ ಅಳ್ತೀನಿ."

"ಮನೇಲಿ ನುಡಿಸೋಕೆ."

"ಮೆಲ್ಲಗೆ ನುಡಿಸಿ ಸರ್!"

"ಇದನ್ನ ಮೆಲ್ಲಗೆ ನುಡಿಸೋದು ಅಂದ್ರೆ ಎಮ್ಮೆಗೆ ಬೆಕ್ಕಿನ ಹಾಗೆ ನಡಿ ಅಂದಂಗೆ," ಎಂದ ಪಿಡಿಯೊಂಗ್. ಈ ಮಾತನ್ನು ಅವನು ಎಲ್ಲಾದರೂ ಹೇಳಬೇಕೆಂದು ಒಂದು ವಾರದಿಂದ ಕಾದಿದ್ದ.

ಇನ್ನೊಂದು ಹೊಸದು, ಹತ್ತು ಗುಂಡಿಗಳದ್ದು. ಅದರೊಳಗೆ ವಾಲ್ವ್ ಇದ್ದಂತೆ ಕಾಣಿಸುವುದಕ್ಕೆ ಒಂದು ಕಿತ್ತಳೆ ದೀಪ ಮಾತ್ರ ಇತ್ತು. ಉಳಿದದ್ದು ಮೂಲೆಯ ಕಂದು ಪೆಟ್ಟಿಗೆ. ಐದು ವಾಟು, ಅಂಗೈಯಗಲದ ಸ್ಪೀಕರು, ಸದ್ದು ಕೊಡುವ ವಾಲ್ವ್ ಒಂದೇ ಒಂದು, ಹಿಂಬದಿ ತೆರೆದದ್ದು. ಅದನ್ನು ಅಂಗಡಿಯ ನೂರು ವೋಲ್ಟಿನ ಪ್ಲಗ್ಗಿಗೆ ಹಚ್ಚಿ ಒಂದು ತಂತಿ ಮೀಟಿದಾಗ ಪಿಡಿಯೊಂಗನ ಹೊಟ್ಟೆಯಲ್ಲಿ ಬಿಸಿ ಗಂಜಿ ಇಳಿದಂತಾಯಿತು. ಹಳೆಯ ಆಂಪನ್ನು ಬಿಟ್ಟುಕೊಟ್ಟು, ಮೇಲಿಷ್ಟು ಸೇರಿಸಿ, ಹೊಸದನ್ನು ತೊಡೆಯ ಮೇಲೆ ಇಟ್ಟುಕೊಂಡು ಜೀಪ್ನಿ ಹತ್ತಿದ. ಪಕ್ಕದ ಹೆಂಗಸು ಅದು ಬ್ರೆಡ್ಡು ಸುಡುವ ಒಲೆಯೇ ಎಂದು ಕೇಳಿದಳು. ಅವನು ಹೌದೆಂದ. ಸತ್ಯ ಹೇಳಿದರೆ ಇಳಿಯುವ ತನಕ ವಿವರಿಸಬೇಕಾಗುತ್ತಿತ್ತು.

ಸತ್ಯ ಹೇಳದೆ ಗತಿಯಿಲ್ಲದ ಜಾಗ ಗಲ್ಲಿಯ ಬಾಯಿ. ಅಲ್ಲಿ ಆಲಿಂಗ್ ಕೊರಿಂಗಳ ಚಿಲ್ಲರೆ ಅಂಗಡಿ. ಹಿರಿಯ ಹೆಂಗಸಿಗೆ ಆಲಿಂಗ್, ಹಿರಿಯ ಗಂಡಸಿಗೆ ಮಾಂಗ್ ಎನ್ನುವುದು ಇಲ್ಲಿನ ಮರ್ಯಾದೆ. ಕೊರಿಂಗ್ ಜಪಸರ ಹೇಳುವ ಹೆಂಗಸರ ಗುಂಪಿನ ಮುಖ್ಯಸ್ಥೆ. ಗಲ್ಲಿಗೆ ಬರುವ ವಸ್ತುಗಳನ್ನೂ ಹೋಗುವ ಮನುಷ್ಯರನ್ನೂ ಅವಳಿಗೆ ತೋರಿಸದೆ ದಾಟಿಸುವಂತಿರಲಿಲ್ಲ.

"ಮಾಂಗ್ ಪಿಡಿಯೊಂಗ್! ಹೊಸದಾ? ಪಾರ್ಟಿ ಯಾವಾಗ?"

"ಹಳೇದು ಆಲಿಂಗ್ ಕೊರಿಂಗ್. ಯಾರೋ ಬಳಸಿದ್ದು."

"ನಿಮ್ಮನೆಗೆ ಹೊಸದು ತಾನೆ? ನನ್ನ ಗಂಡನೂ ಹಾಗೇ ಇದ್ದ. ಸಂಜೆ ಬರ್ತೀವಿ. ಬಿನ್ಯಾಗ್ ಮಾಡದೆ ಬಿಡೋಕಾಗುತ್ತಾ?"

ಬಿನ್ಯಾಗ್ ಎಂದರೆ ಕೂಸಿಗೆ ಚರ್ಚಿನಲ್ಲಿ ತಲೆಗೆ ನೀರು ಹಾಕಿ ಹೆಸರಿಡುವುದು. ಗಲ್ಲಿಯಲ್ಲಿ ಅದು ಫ್ರಿಜ್ಜಿಗೂ ಆಗುತ್ತದೆ, ಮೋಟಾರ್ ಸೈಕಲ್ಲಿಗೂ ಆಗುತ್ತದೆ. ಖರ್ಚು ಕೊಂಡವನದು.

ಪಿಡಿಯೊಂಗ್‌ಗೆ ಅದರ ಚಿಂತೆಯಿರಲಿಲ್ಲ. ಬೇರೊಂದು ಚಿಂತೆಯಿತ್ತು. ಆ ಆಂಪು ಜಪಾನಿನದು, ನೂರು ವೋಲ್ಟಿನದು. ಇಲ್ಲಿನ ಗೋಡೆಯಲ್ಲಿ ಬರುವುದು ಇನ್ನೂರಿಪ್ಪತ್ತು. ನೇರ ಚುಚ್ಚಿದರೆ ಏನಾಗುತ್ತದೆ ಎಂಬುದನ್ನು ಗಲ್ಲಿಯ ಪ್ರತಿ ಮನೆಯೂ ಒಂದೊಂದು ಜಪಾನಿ ಅನ್ನದ ಕುಕ್ಕರ್ ಸುಟ್ಟು ಕಲಿತಿತ್ತು. ಆಮೇಲೆ ಕೊರಿಂಗ್ ವೋಲ್ಟೇಜು ಇಳಿಸುವ ಒಂದು ಪೆಟ್ಟಿಗೆ ತಂದಿದ್ದಳು. ಇಟ್ಟಿಗೆಯಷ್ಟು ಭಾರದ ಆ ಪೆಟ್ಟಿಗೆ ದಿನವೂ ಮನೆಯಿಂದ ಮನೆಗೆ ಹೋಗುತ್ತಿತ್ತು. ಅದು ಯಾರ ಮನೆಯಲ್ಲಿದೆಯೋ ಅವರ ಮನೆಯಲ್ಲಿ ಅನ್ನ. ಕೊರಿಂಗ್ ಯಾರಿಗೂ ಇಲ್ಲ ಎಂದವಳಲ್ಲ. ಗಲ್ಲಿಯಲ್ಲಿ ಯಾರೂ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಏಣಿ, ಕುರ್ಚಿ, ಇಸ್ತ್ರಿಪೆಟ್ಟಿಗೆ, ಒಮ್ಮೆ ಹಲ್ಲಿನ ಸೆಟ್ಟು ಕೂಡ, ಎಲ್ಲ ಎರವಲು. ಇಲ್ಲ ಎಂದವನ ಮನೆಯಲ್ಲಿ ಸಾವಾದರೆ ಹೆಣದ ಪಕ್ಕ ಕೂರಲು ಯಾರು ಬರುತ್ತಾರೆ?

"ಪೆಟ್ಟಿಗೆ ಈಗ ಕಗವಾದ್ ಮನೇಲಿದೆ," ಎಂದಳು ಕೊರಿಂಗ್. "ಅನ್ನ ಆಗೋ ತನಕ ಕಾಯಿ."

ಕಗವಾದ್, ಎಂದರೆ ವಾರ್ಡಿನ ಸದಸ್ಯ, ದೆನ್ಸಿಯೊಂಗ್. ಪಿಡಿಯೊಂಗನ ಮನೆಗೂ ಅವನ ಮನೆಗೂ ನಡುವೆ ಒಂದು ಪ್ಲೈವುಡ್ ಹಲಗೆ. ಪಿಡಿಯೊಂಗ್ ಅವನ ಅಡುಗೆಮನೆಯಲ್ಲಿ ಕುಕ್ಕರಿನ ಎದುರು ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ನಿಂತ. ಕುಕ್ಕರ್ ಉಸಿರು ಬಿಡುತ್ತಿತ್ತು, ಟಿಕ್ ಎನ್ನುತ್ತಿರಲಿಲ್ಲ.

"ಏನು, ಗಿಟಾರ್ ಆಂಪಾ?" ಕಗವಾದ್ ಬನಿಯನ್ನಿನ ಮೇಲೆ ಅಧಿಕಾರ ತಂದುಕೊಂಡ. "ನೋಡಿ ಮಾಂಗ್ ಪಿಡಿಯೊಂಗ್, ಶಬ್ದದ ಬಗ್ಗೆ ವಾರ್ಡಲ್ಲಿ ನಿರ್ಣಯ ಆಗಿದೆ. ನಾನೇ ಸಹಿ ಹಾಕಿದೀನಿ."

"ನಿಮ್ಮ ಮನೆ ವಿಡಿಯೊಕೆ?" ಕಗವಾದ್‌ನ ಮನೆಯಲ್ಲಿ ಪ್ರತಿ ಭಾನುವಾರ ಮೈಕಿನಲ್ಲಿ ಸಿನಿಮಾ ಹಾಡು ಹಾಡುತ್ತಿದ್ದರು. ಹಾಡುತ್ತಿದ್ದರು ಎನ್ನುವುದು ಮರ್ಯಾದೆಗೆ.

"ಅದು ಸಂಸ್ಕೃತಿ. ಇದು ಎಷ್ಟು ವಾಟು?"

"ಐದು."

"ಐದೇನಾ? ನಮ್ಮ ದೇವರ ಮುಂದಿನ ದೀಪವೇ ಏಳು ವಾಟಿದೆ!" ಕಗವಾದ್ ನಕ್ಕ. ಕುಕ್ಕರ್ ಟಿಕ್ ಎಂದಿತು. "ತಗೊಂಡು ಹೋಗಿ. ನಾನೂ ಬಂದು ನೋಡ್ತೀನಿ."

ನೋಡಲು ಕಗವಾದ್ ಒಬ್ಬನೇ ಬರಲಿಲ್ಲ. ಕೊರಿಂಗ್ ಅಂಗಡಿಗೆ ಬಾಗಿಲು ಹಾಕಿ ಬಂದಳು. ಜಪಸರದ ಹೆಂಗಸರು ಬಂದರು. ಕೂರಲು ಜಾಗವಿಲ್ಲದೆ ಒಬ್ಬಾಕೆ ನೆಲಕ್ಕಿಳಿದ ಟಿವಿಯ ಮೇಲೆ ಕೂತಳು. ಪಿಡಿಯೊಂಗ್ ಸ್ವಿಚ್ಚು ಹಾಕಿದ. ಏನೂ ಆಗಲಿಲ್ಲ.

"ಹೋಯ್ತು," ಎಂದಳು ಕೊರಿಂಗ್ ಸಮಾಧಾನದಿಂದ.

"ಬಿಸಿ ಆಗ್ಬೇಕು ಆಲಿಂಗ್ ಕೊರಿಂಗ್. ಸ್ವಲ್ಪ ಹೊತ್ತು."

ಪೆಟ್ಟಿಗೆಯ ಬೆನ್ನಿನೊಳಗೆ ವಾಲ್ವ್ ಮೆಲ್ಲಗೆ ಕೆಂಪಾಯಿತು. ಹೆಂಗಸರು ಉಸಿರು ಬಿಗಿಹಿಡಿದರು. ಪಿಡಿಯೊಂಗ್ ಗುಂಡಿಯನ್ನು ಅರ್ಧದವರೆಗೆ ತಿರುಗಿಸಿ ಒಂದು ಸ್ವರ ಮೀಟಿದ.

ವಾಲ್ವಿನ ಐದು ವಾಟೆಂದರೆ ದೇವರ ಮುಂದಿನ ದೀಪದ ವಾಟಲ್ಲ ಎಂಬುದು ಗಲ್ಲಿಗೆ ಆಗ ತಿಳಿಯಿತು. ಗೋಡೆಯ ಕ್ಯಾಲೆಂಡರ್ ಬಿತ್ತು. ಆಚೆಮನೆಯಲ್ಲಿ ಕಗವಾದ್‌ನ ಗೋಡೆಯಿಂದ ಅವನ ಚುನಾವಣೆಯ ಫೋಟೊ ಬಿದ್ದ ಸದ್ದು ಕೇಳಿಸಿತು. ನಾಯಿಯೊಂದು ಯಾವುದೋ ಹಳೆಯ ದುಃಖ ನೆನೆದು ಊಳಿಟ್ಟಿತು. ಆದರೆ ಆ ಸ್ವರ! ಅದು ಬೆಣ್ಣೆ ಕರಗಿದ ಹಾಗೆ ಹರಡಿ, ಅಂಚಿನಲ್ಲಿ ಚೂರೇ ಹರಿದು, ನಿಂತೇ ಇತ್ತು. ಪಿಡಿಯೊಂಗ್ ಕಣ್ಣು ಮುಚ್ಚಿದ.

"ಐದು ಸುಳ್ಳು!" ಕಗವಾದ್ ಕೂಗಿದ. "ಇದು ಐನೂರು! ಕಡಿಮೆ ಮಾಡಿ! ಆ ಸ್ಪೀಕರಿನ ವೈರು ಕಿತ್ತು ನುಡಿಸಿದ್ರೆ ಯಾರಿಗೂ ತೊಂದ್ರೆ ಇಲ್ವಲ್ಲ?"

ಅವನ ಕೈ ವೈರಿನವರೆಗೆ ಹೋಗಿಯೇ ಬಿಟ್ಟಿತ್ತು. ಪಿಡಿಯೊಂಗ್ ಅದನ್ನು ಹಿಡಿದುಕೊಂಡ. "ಬೇಡಿ ಸ್ವಾಮಿ! ಸ್ಪೀಕರ್ ಇಲ್ದೆ ವಾಲ್ವ್ ಆಂಪ್ ನಡೆಸಿದ್ರೆ ಒಳಗೆ ಸುಟ್ಟೇ ಹೋಗುತ್ತೆ!"

"ಹಾಗಾದ್ರೆ ಕಂಬಳಿ ಹೊದಿಸು," ಎಂದಳು ಲೂಮಿಂಗ್ ಅಡುಗೆಮನೆಯಿಂದ. ಅಲ್ಲಿ ಅವಳು ಆಗಲೇ ಇಷ್ಟು ಜನಕ್ಕೂ ಪಾನ್ಸಿತ್ ಶ್ಯಾವಿಗೆ ಬೇಯಿಸುತ್ತಿದ್ದಳು. "ನಿಂಗೂ ಒಂದು ಹೊದಿಸ್ತೀನಿ."

"ಮೊದಲು ಬಿನ್ಯಾಗ್!" ಕೊರಿಂಗ್ ಎದ್ದು ನಿಂತಳು. ಅವಳ ಚೀಲದಿಂದ ಚರ್ಚಿನ ತೀರ್ಥ ತುಂಬಿದ, ಕನ್ಯಾಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿ ಬಂತು. ನೀಲಿ ಕಿರೀಟವೇ ಅದರ ಮುಚ್ಚಳ. "ಕಾರಿಗೆಲ್ಲ ನೀರು ಹಾಕಿಸ್ತೀವಿ. ಇದೇನು, ಕ್ರೈಸ್ತ ಅಲ್ವಾ? ಜಪಾನಿಂದ ಬಂದಿದೆ, ಯಾರ ಮನೇಲಿತ್ತೋ, ಯಾರು ಸತ್ತ ಮೇಲೆ ಮಾರಿದ್ರೋ. ಧರ್ಮತಾಯಿ ನಾನು. ಧರ್ಮತಂದೆ ಕಗವಾದ್."

ಧರ್ಮತಂದೆ ಎಂದೊಡನೆ ಕಗವಾದ್ ನಿರ್ಣಯ ಮರೆತು ಬನಿಯನ್ನು ಸರಿಮಾಡಿಕೊಂಡ.

"ಎರಡು ಹನಿ, ಮುಂದಿನ ಬಟ್ಟೆ ಮೇಲೆ ಮಾತ್ರ," ಎಂದ ಪಿಡಿಯೊಂಗ್. ಬೇಡ ಎನ್ನಬಹುದಿತ್ತು. ಆದರೆ ವೋಲ್ಟೇಜಿನ ಪೆಟ್ಟಿಗೆ ಅವಳದು.

ಕೊರಿಂಗ್ ಎರಡು ಹನಿಯನ್ನು ಮುಂದಿನ ಬಟ್ಟೆಯ ಮೇಲೆಯೇ ಹಾಕಿದಳು. ಆಮೇಲೆ ತನ್ನ ಮನಸ್ಸಿಗೆ ಬಂದಂತೆ, "ಆಶೀರ್ವಾದ ಹೃದಯಕ್ಕೆ ಆಗ್ಬೇಕು," ಎಂದು ಹಿಂದಕ್ಕೆ ಬಾಗಿ, ಕೆಂಪಗೆ ಉರಿಯುತ್ತಿದ್ದ ಜಾಗಕ್ಕೆ ಬಾಟಲಿಯನ್ನು ಜೋರಾಗಿ ಒಂದು ಸಲ ಹಿಸುಕಿದಳು.

ಟಿಣ್.

ಸದ್ದು ಬಹಳ ಚಿಕ್ಕದು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಅಷ್ಟೇ ಸದ್ದಾಗುತ್ತದೆ. ವಾಲ್ವಿನ ತಲೆಯಲ್ಲಿದ್ದ ಬೆಳ್ಳಿಯ ಮಚ್ಚೆ ಎಲ್ಲರೂ ನೋಡುತ್ತಿದ್ದಂತೆಯೇ ಹಾಲಿನ ಹಾಗೆ ಬೆಳ್ಳಗಾಯಿತು. ಬಿರುಕಿನಿಂದ ಗಾಳಿ ಒಳಗೆ ಹೋಗಿತ್ತು. ಪಿಡಿಯೊಂಗ್ ಸ್ವಿಚ್ಚು ಆರಿಸಿ, ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಬಿಳೀ ಆಯ್ತು!" ಕೊರಿಂಗ್ ಶಿಲುಬೆಯ ಗುರುತು ಮಾಡಿಕೊಂಡಳು. "ನೋಡಿ, ಏನೋ ಒಳಗಿತ್ತು. ಹೊರಗೆ ಹೋಯ್ತು!"

ಯಾರೂ ಮನೆಗೆ ಹೋಗಲಿಲ್ಲ. ಶ್ಯಾವಿಗೆ ಇನ್ನೂ ಬೆಂದಿರಲಿಲ್ಲ.

ಪಿಡಿಯೊಂಗ್ ಮಾನಿಂಗನಿಗೆ ಫೋನು ಮಾಡಿದ. "ಪಾರೆ, ಇವತ್ತು ಬರಬೇಡ. ವಾಲ್ವ್ ಒಡೆದು ಹೋಯ್ತು. ಮುಂದಿನ ವಾರ..."

"ಯಾವ ವಾಲ್ವ್? ಮೇಲೆ ಏನು ಬರೆದಿದೆ, ಓದು."

ಪಿಡಿಯೊಂಗ್ ಓದಿದ.

"ಅಷ್ಟೇನಾ? ನನ್ನ ಹತ್ರ ಹೊಸದೇ ಇದೆ. ತರ್ತೀನಿ. ಬೇರೆ ಏನೂ ಮುಟ್ಟಬೇಡ, ಒರೆಸಿ ಇಟ್ಟಿರು."

"ನಿನ್ನ ಹತ್ರ ಹೇಗೆ..."

"ಇರಲಿ ಅಂತ ತಗೊಂಡಿದ್ದೆ ಪಾರೆ. ಒಂದು ವಾಲ್ವಿಗೋಸ್ಕರ ಶುಕ್ರವಾರ ಬಿಡೋಕಾಗುತ್ತಾ?"

ಪಿಡಿಯೊಂಗನ ಕಣ್ಣು ಒದ್ದೆಯಾಯಿತು. "ನೋಡಿದ್ಯಾ?" ಎಂದು ಅವನು ಲೂಮಿಂಗಳಿಗೆ ಹೇಳಿದ. "ನಂಗೋಸ್ಕರ ವಾಲ್ವ್ ಇಟ್ಕೊಂಡಿದಾನೆ. ಇಂಥ ಸ್ನೇಹಿತರು ಎಲ್ಲಿ ಸಿಗ್ತಾರೆ?"

"ನೀನು ಆಂಪ್ ತರೋಕೆ ಮುಂಚೆನೇ ಅದರ ವಾಲ್ವ್ ತಗೊಂಡಿದ್ನಾ?" ಎಂದಳು ಲೂಮಿಂಗ್. ಮೀನಿನ ಹೊಟ್ಟೆ ಬಿಟ್ಟರೆ ಬೇರಾವುದರಲ್ಲೂ ತಲೆಹಾಕದ ಹೆಂಗಸು ಎಂದು ಪಿಡಿಯೊಂಗ್ ತಿಳಿದಿದ್ದ. ಚಿಕ್ಕ ಆಂಪುಗಳಲ್ಲಿ ಬಹುಪಾಲಿಗೆ ಒಂದೇ ಬಗೆಯ ವಾಲ್ವ್ ಇರುತ್ತದೆ ಎನ್ನುವುದು ಅವಳಿಗೇನು ಗೊತ್ತು?

ಮಾನಿಂಗ್ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕರವಸ್ತ್ರದಲ್ಲಿ ಸುತ್ತಿದ ವಾಲ್ವನ್ನು ಅವನೇ ಕೈಯಾರೆ ಕೂರಿಸಿದ. ಎದ್ದು ಎರಡು ಹೆಜ್ಜೆ ಹಿಂದೆ ಹೋಗಿ, ಕೊರಿಂಗಳ ಕೈಯಿಂದ ಬಾಟಲಿಯನ್ನು ತೆಗೆದು ಕಿಟಕಿಯ ಮೇಲಿಟ್ಟ. ಪಿಡಿಯೊಂಗ್‌ಗೆ ಆ ಮನುಷ್ಯನನ್ನು ಅಪ್ಪಿಕೊಳ್ಳಬೇಕೆನಿಸಿತು.

ವಾಲ್ವ್ ಕೆಂಪಾಯಿತು. ಪಿಡಿಯೊಂಗ್ ಸ್ಟೂಲಿನ ಮೇಲೆ ಕುಳಿತು ಕುಲಾಸ್‌ನ ತುಣುಕುಗಳನ್ನು ನುಡಿಸತೊಡಗಿದ. ಮೊದಲನೆಯದನ್ನು ಕುಲಾಸ್‌ನಂತೆಯೇ ನುಡಿಸಿದ. ಎರಡನೆಯದರಲ್ಲಿ, ಕುಲಾಸ್ ಯಾವಾಗಲೂ ಅವಸರದಿಂದ ದಾಟಿಬಿಡುತ್ತಿದ್ದ ತಿರುವಿನಲ್ಲಿ, ನಿಂತ. ಇಷ್ಟು ವರ್ಷ ಹಿಂದಿನ ಸಾಲಿನಲ್ಲಿ ಕೂತು, ಅಲ್ಲಿ ನಿಲ್ಲಬೇಕು, ಅಲ್ಲಿ ಹೀಗೆ ಬಾಗಿಸಬೇಕು ಎಂದು ಅಂದುಕೊಂಡದ್ದನ್ನೆಲ್ಲ ಬೆರಳು ನೆನಪಿಟ್ಟಿತ್ತು. ತೊಗಲು ಕತ್ತರಿಸಿ ಗಟ್ಟಿಯಾದ ಬೆರಳಿಗೆ ತಂತಿ ಚುಚ್ಚಲಿಲ್ಲ. ಗದ್ದಲ ಕಡಿಮೆ ಮಾಡಿ ಎಂದು ಕಗವಾದ್ ಹೇಳಲಿಲ್ಲ. ಲೂಮಿಂಗ್ ಸೌಟು ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು, ಶ್ಯಾವಿಗೆ ತಳ ಹಿಡಿಯಿತು. ನಾಯಿ ಕೂಡ ಸುಮ್ಮನಿತ್ತು.

ನುಡಿಸಿ ಮುಗಿದಾಗ ಮಾನಿಂಗ್ ಕಣ್ಣು ಮುಚ್ಚಿಕೊಂಡೇ ಇದ್ದ.

"ಇದೇ," ಎಂದ. "ಇದೇ ಸದ್ದು. ಮಾಲೀಕ ಕೇಳಿದ್ದು ಇದೇ."

ಗಲ್ಲಿ ಚಪ್ಪಾಳೆ ತಟ್ಟಿತು. ಕೊರಿಂಗ್ ತನ್ನ ನೀರಿನ ಮಹಿಮೆ ಎಂದಳು. ಪಿಡಿಯೊಂಗ್ ತಲೆ ತಗ್ಗಿಸಿ ಗಿಟಾರನ್ನು ಒರೆಸಿದ. ಒರೆಸುವುದಕ್ಕೇನೂ ಇರಲಿಲ್ಲ.

ಮಾನಿಂಗ್ ಎದ್ದು, ಆಂಪಿನ ಸ್ವಿಚ್ಚು ಆರಿಸಿ, ವೈರನ್ನು ಮಡಚಿ ಸುತ್ತತೊಡಗಿದ. "ಸ್ವಲ್ಪ ತಣ್ಣಗಾಗಲಿ, ಆಮೇಲೆ ಎತ್ತೋಣ. ಹೊರಗೆ ಗಾಡಿ ನಿಲ್ಲಿಸಿದೀನಿ. ರಾತ್ರಿ ಊಟದ ಮುಂಚೆ ಅಲ್ಲಿಗೆ ತಲುಪಿಸ್ಬೇಕು."

"ಇವತ್ತೇ?" ಪಿಡಿಯೊಂಗ್ ಸಂಭ್ರಮದಿಂದ ಎದ್ದ. "ಒಂದು ನಿಮಿಷ ಇರು ಪಾರೆ, ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಬರ್ತೀನಿ."

"ಶರ್ಟ್ ಯಾಕೆ?"

"ಮಾಲೀಕನ ಎದುರು ಬನಿಯನ್ನಲ್ಲಿ ನುಡಿಸ್ಲಾ?"

ಮಾನಿಂಗ್ ವೈರು ಸುತ್ತುವುದನ್ನು ನಿಲ್ಲಿಸಿದ. ಅವನ ಮುಖದಲ್ಲಿದ್ದದ್ದು ನಾಚಿಕೆಯಲ್ಲ, ನಿಜವಾದ ಆಶ್ಚರ್ಯ.

"ನೀನ್ಯಾಕೆ ನುಡಿಸ್ಬೇಕು ಪಾರೆ? ಮಾಲೀಕನ ಅಳಿಯ ಇದಾನಲ್ಲ. ಗಿಟಾರ್ ಅವಂದೇ. ಅದಕ್ಕೇ ತಾನೆ ಜಾಗ ಸಿಕ್ಕಿದ್ದು? ಅವಂಗೆ ಆಂಪ್ ಒಂದಿರಲಿಲ್ಲ. ನೀನು ತಗೋತೀಯ ಅಂತ ಗೊತ್ತಾಗಿ ವಾಲ್ವ್ ಕೂಡ ತಗೊಂಡೆ, ಅವನು ಉರಿಸಿಬಿಟ್ರೆ ಕೈಗಿರಲಿ ಅಂತ."

ಪಿಡಿಯೊಂಗನ ಕೈಯಲ್ಲಿ ಗಿಟಾರು ಒರೆಸಿದ ಬಟ್ಟೆ ಹಾಗೇ ಇತ್ತು.

"ಅಳಿಯ ಚೆನ್ನಾಗಿ ನುಡಿಸ್ತಾನಾ?" ಎಂದು ಕೊನೆಗೆ ಕೇಳಿದ.

"ಗಿಟಾರಲ್ಲಿ ಮೂರು ಕಾರ್ಡ್ ಹಿಡಿಯೋಕೆ ಬರುತ್ತೆ. ನಾಲ್ಕನೇದು ಕಲೀತಿದಾನೆ."

"ಎರಡನೇ ಗಿಟಾರಿಗಾದ್ರೂ..."

"ಜಾಗ ಬಹಳ ಚಿಕ್ಕದು ಪಾರೆ. ನೀನು ಕೂತ್ರೆ ಮೂರು ಟೇಬಲ್ ತೆಗೀಬೇಕು. ಮಾಲೀಕ ಒಪ್ಪಲ್ಲ." ಮಾನಿಂಗ್ ಅವನ ಭುಜ ತಟ್ಟಿದ. "ನಿನ್ನ ಕೈ ಮಾತ್ರ ಈಗಲೂ ಹಾಗೇ ಇದೆ ನೋಡು. ದೇವರಾಣೆ."

ಪಿಡಿಯೊಂಗ್ ಇಲ್ಲ ಎನ್ನಲು ಬಾಯಿ ತೆರೆದ. ಕೊಡಲ್ಲ ಎಂಬ ಮಾತು ನಾಲಗೆಯ ಮೇಲೆ ಬಂದಿತ್ತು. ಆದರೆ ಅವನ ಕಾಲ ಬಳಿ ಕೊರಿಂಗಳ ವೋಲ್ಟೇಜು ಪೆಟ್ಟಿಗೆ ಇತ್ತು. ಅವನು ಕೂತಿದ್ದ ಸ್ಟೂಲು ಕಗವಾದ್‌ನದು. ಲೂಮಿಂಗ್ ಶ್ಯಾವಿಗೆ ಬೇಯಿಸಿದ ಬಾಣಲೆ ಯಾರದೋ. ಇಡೀ ಗಲ್ಲಿ ಅವನ ಬಾಯನ್ನೇ ನೋಡುತ್ತಿತ್ತು.

"ಕೊಟ್ರೆ ಸವೆದು ಹೋಗುತ್ತಾ?" ಎಂದಳು ಕೊರಿಂಗ್. "ಧರ್ಮತಾಯಿಯಾಗಿ ಹೇಳ್ತೀನಿ, ಹೋಗಲಿ ಬಿಡಿ. ಈ ಗಲ್ಲಿಯಲ್ಲಿ ಯಾರ ಮಕ್ಕಳು ಮನೇಲಿದಾರೆ? ನನ್ನ ಇಬ್ಬರೂ ದುಬೈಯಲ್ಲಿದಾರೆ. ಇದೂ ಹೊರಗೆ ಹೋಗಿ ನಾಲ್ಕು ಜನರ ಕಣ್ಣಿಗೆ ಬೀಳಲಿ."

"ಧರ್ಮತಂದೆಯ ಒಪ್ಪಿಗೆಯೂ ಇದೆ," ಎಂದ ಕಗವಾದ್. ತನ್ನ ಗೋಡೆಯ ಫೋಟೊ ಮತ್ತೆ ಮೊಳೆಗೆ ಏರಿದ್ದನ್ನು ಅವನು ಮನಸ್ಸಿನಲ್ಲೇ ಕಾಣುತ್ತಿದ್ದ.

ಆಗ ಪಿಡಿಯೊಂಗ್‌ಗೆ ಒಂದು ಬೆಳಕು ಕಂಡಿತು. "ತಗೊಂಡು ಹೋಗಿ ಏನು ಮಾಡ್ತೀಯ ಪಾರೆ? ಇದು ನೂರು ವೋಲ್ಟಿಂದು. ಈ ಪೆಟ್ಟಿಗೆ ಇಲ್ದೆ ಹತ್ತಿಸಿದ್ರೆ ಭಸ್ಮ. ಪೆಟ್ಟಿಗೆ ಆಲಿಂಗ್ ಕೊರಿಂಗ್‌ದು."

ಎಲ್ಲರೂ ಕೊರಿಂಗಳ ಕಡೆ ತಿರುಗಿದರು. ಯಾರಿಗೂ ಇಲ್ಲ ಎನ್ನದ ಹೆಂಗಸು ಸೆರಗಿಲ್ಲದ ಭುಜದ ಮೇಲೆ ಸೆರಗು ಹುಡುಕುವವಳಂತೆ ಕೈಯಾಡಿಸಿದಳು.

"ಪೆಟ್ಟಿಗೆ ಕೊಟ್ರೆ ಶುಕ್ರವಾರ ಗಲ್ಲಿಗೆಲ್ಲ ಅನ್ನ?" ಎಂದಳು. "ಅದು ಬೇರೆ ವಿಷಯ. ಪೆಟ್ಟಿಗೆ ಆಗಲ್ಲ."

"ಖಂಡಿತ ಆಗಲ್ಲ," ಎಂದಿತು ಗಲ್ಲಿ ಒಂದೇ ದನಿಯಲ್ಲಿ. ಇಲ್ಲ ಎನ್ನುವುದು ಇಷ್ಟು ಸುಲಭವೆಂದು ಪಿಡಿಯೊಂಗ್‌ಗೆ ಐವತ್ತೆಂಟು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು.

"ಅಯ್ಯೋ, ಬೇಡ ಬೇಡ," ಎಂದ ಮಾನಿಂಗ್ ನಗುತ್ತ. "ಅಲ್ಲಿನ ಅಡುಗೆಮನೆ ತುಂಬಾ ಜಪಾನಿ ಸಾಮಾನೇ. ಇದರ ಎರಡರಷ್ಟು ದೊಡ್ಡ ಪೆಟ್ಟಿಗೆ ಗೋಡೆಗೇ ಕೂರಿಸಿದಾರೆ."

ಆಂಪನ್ನು ಎತ್ತಿಕೊಂಡು ಹೋಗುವಾಗ ಬಾಗಿಲಿಗೆ ತಾಗದಂತೆ ಹಿಡಿದುಕೊಂಡವನು ಪಿಡಿಯೊಂಗೇ. ಗಾಡಿಯಲ್ಲಿ ಕಂಬಳಿ ಹಾಸಿ ಇಟ್ಟವನೂ ಅವನೇ. ಆ ಕಂಬಳಿಯೂ ಹೋಯಿತು.

"ಶುಕ್ರವಾರ ನೀನೂ ಬಾ ಪಾರೆ," ಎಂದ ಮಾನಿಂಗ್ ಕಿಟಕಿಯ ಗಾಜು ಇಳಿಸಿ. "ಮುಂದಿನ ಸಾಲಲ್ಲೇ ಕೂರಿಸ್ತೀನಿ. ಅಕಸ್ಮಾತ್ ಇದು ಕೆಮ್ಮಿದ್ರೆ ನೋಡ್ಕೊಳ್ಳೋಕೆ ಯಾರಾದ್ರೂ ತಿಳಿದವರು ಬೇಕಲ್ಲ. ಅಳಿಯಂಗೆ ಬಿಸಿ ವಾಲ್ವ್ ಮುಟ್ಟೋಕೆ ಭಯ."

ಗಾಡಿ ಬೆಟ್ಟದ ದಾರಿ ಹಿಡಿಯಿತು. ಗಲ್ಲಿ ಒಳಗೆ ಬಂದು ತಳ ಹಿಡಿದ ಶ್ಯಾವಿಗೆ ತಿಂದಿತು, ಬಿನ್ಯಾಗಿನ ಊಟ ತಾನೆ? ಉಪ್ಪು ಕಡಿಮೆ ಎಂದಿತು. ಕೊರಿಂಗ್ ತನ್ನ ಪೆಟ್ಟಿಗೆಯನ್ನೂ, ಕಗವಾದ್ ತನ್ನ ಸ್ಟೂಲನ್ನೂ, ಯಾರೋ ತಮ್ಮ ಬಾಣಲೆಯನ್ನೂ ತೆಗೆದುಕೊಂಡು ಹೋದರು. ಬೆಳಿಗ್ಗೆ ಆ ಮನೆಯಲ್ಲಿ ಒಂದು ದೊಡ್ಡ ಆಂಪು ಇತ್ತು, ಅದರ ಮೇಲೆ ಟಿವಿ ಇತ್ತು. ಈಗ ಟಿವಿ ನೆಲದ ಮೇಲಿತ್ತು.

"ಅದನ್ನ ನೋಡ್ಬೇಕಾದ್ರೆ ಇನ್ಮೇಲೆ ಮಲಗೇ ನೋಡ್ಬೇಕು," ಎಂದಳು ಲೂಮಿಂಗ್. ಅವಳು ಬಾಗಿಲಲ್ಲಿ ಸೌಟು ಹಿಡಿದು ನಿಂತದ್ದನ್ನು ಅವನು ನೋಡಿದ್ದ.

ಪಿಡಿಯೊಂಗ್ ನೆಲದ ಮೇಲೆ, ಟಿವಿಯ ಪಕ್ಕ, ಗೋಡೆಗೆ ಒರಗಿ ಕುಳಿತು ಗಿಟಾರನ್ನು ತೊಡೆಗೆ ಎಳೆದುಕೊಂಡ. ಆಂಪಿಲ್ಲದ ಎಲೆಕ್ಟ್ರಿಕ್ ಗಿಟಾರಿಗೆ ಸೊಳ್ಳೆಯಷ್ಟೇ ದನಿ. ಅದೇ ತುಣುಕನ್ನು, ಅದೇ ತಿರುವಿನಲ್ಲಿ ನಿಂತು, ಮತ್ತೊಮ್ಮೆ ನುಡಿಸಿದ. ತಂತಿಗಳು ಟಿಕ್ ಟಿಕ್ ಎಂದವು.

ಪ್ಲೈವುಡ್ಡಿನ ಆಚೆಯಿಂದ ಮೊಳೆ ಹೊಡೆಯುವ ಸದ್ದು ನಿಂತಿತು.

"ಮಾಂಗ್ ಪಿಡಿಯೊಂಗ್!" ಕಗವಾದ್ ಮೆಚ್ಚುಗೆಯಿಂದ ಕೂಗಿದ. "ಈಗ ನೋಡಿ, ಎಷ್ಟು ಚೆನ್ನಾಗಿದೆ! ಹೀಗೇ ನುಡಿಸಿದ್ರೆ ಆಗಿತ್ತಲ್ಲ, ಆಂಪ್ ಯಾಕೆ ಬೇಕಿತ್ತು?"